ಬರಿಗದ್ದುಗೆಯ ಹೊನ್ನವ್ವ

ಬಯಲು ಮುಗಿದು ಕಾಡು ತೊಡಗುವ ಕಡೆ, ಕೆಂಚಿಕೊಪ್ಪದ ಬೆನ್ನಿಗೆ ಒಂದು ಗುಡ್ಡವಿದೆ. ಅದನ್ನು ಈಗ ಎಲ್ಲರೂ ಬರಿಗದ್ದುಗೆ ಗುಡ್ಡ ಎನ್ನುತ್ತಾರೆ. ಬುಡದಿಂದ ನೆತ್ತಿಯವರೆಗೆ ಹೊನ್ನೆ ಮರಗಳು, ನಡುನಡುವೆ ಮತ್ತಿ, ದಿಂಡಲ, ಅಲ್ಲೊಂದು ಇಲ್ಲೊಂದು ಬೀಟೆ. ನೆತ್ತಿಯ ಬಂಡೆಯ ಮೇಲೆ ಒಂದಂಕಣದ ಕಲ್ಲಿನ ಗುಡಿ. ಒಳಗೆ ಗದ್ದುಗೆಯಿದೆ, ಅದರ ಮೇಲೆ ಮಡಿಸಿಟ್ಟ ಹಸಿರು ಸೀರೆಯಿದೆ, ಬಳೆಯಿದೆ, ಅರಿಸಿನ ಕುಂಕುಮವಿದೆ, ದೀಪವೂ ಉರಿಯುತ್ತದೆ. ಇಲ್ಲದಿರುವವಳು ಅಮ್ಮ ಒಬ್ಬಳೇ. ಹೊಸದಾಗಿ ಬಂದವರು ಮೊದಲು ಕಣ್ಣು ಕಿರಿದು ಮಾಡಿ ಮಬ್ಬಿನಲ್ಲಿ ಹುಡುಕುತ್ತಾರೆ, ಆಮೇಲೆ ಪೂಜಾರಿಯ ಮುಖ ನೋಡುತ್ತಾರೆ. ಮೂರ್ತಿಯನ್ನು ಕಳ್ಳರು ಒಯ್ದರು ಎನ್ನುವವರುಂಟು. ದಂಡು ಬಂದಾಗ ಬಾವಿಗೆ ಹಾಕಿದರು ಎನ್ನುವವರೂ ಉಂಟು. ಓದಿದವರು ಕೆಲವರು ಬಂದು, ಇದು ನಿರಾಕಾರದ ಉಪಾಸನೆ ಎಂದು ಬರೆದುಕೊಂಡು ಹೋಗಿದ್ದಾರೆ. ಊರ ಹಿರಿಯರು ಇದನ್ನೆಲ್ಲ ಕೇಳಿ ನಕ್ಕು ಸುಮ್ಮನಾಗುತ್ತಾರೆ. ತಿಳಿದವರಿಗೆಲ್ಲ ತಿಳಿಹೇಳುತ್ತ ಕೂತರೆ ಹೊಲಕ್ಕೆ ಹೋಗುವವರು ಯಾರು. ಕೂತು ಕೇಳುವ ವ್ಯವಧಾನವಿದ್ದವರಿಗೆ ಮಾತ್ರ ಅವರು ಬಡಿಗೇರ ಮಾನಪ್ಪನ ಸಂಗತಿಯನ್ನು ಹೇಳುತ್ತಾರೆ.

ಹಿಂದೆ ಒಮ್ಮೆ, ಯಾವ ಅರಸರ ಕಾಲವೆಂದು ಯಾರಿಗೂ ನೆನಪಿಲ್ಲದಷ್ಟು ಹಿಂದೆ, ಈ ಗುಡ್ಡದ ನೆತ್ತಿಯಲ್ಲಿ ಮೂವರು ಕೈಹಿಡಿದರೂ ಅಪ್ಪಲಾಗದ ಒಂದು ಹೊನ್ನೆ ಮರವಿತ್ತಂತೆ. ಹೊನ್ನೆಗೆ ಕೊಡಲಿ ತಗುಲಿದರೆ ನೆತ್ತರಿನಂಥ ಕೆಂಪು ರಸ ಸುರಿಯುತ್ತದೆಂಬುದು ಆ ಕಡೆಯ ಮಕ್ಕಳಿಗೂ ಗೊತ್ತು. ಆದರೆ ಒಂದು ಶ್ರಾವಣದಲ್ಲಿ, ಕೊಡಲಿಯಿಲ್ಲ, ಸಿಡಿಲಿಲ್ಲ, ಆ ಮರ ತಾನೇ ತಾನಾಗಿ ಹತ್ತಾರು ಕಡೆ ಕೆಂಪಗೆ ಒಸರತೊಡಗಿತು. ದನ ಕಾಯುವವರು ನೋಡಿ ಊರಿಗೆ ಓಡಿಬಂದರು. ಊರು ಗುಡ್ಡ ಹತ್ತಿತು. ಮರದೊಳಗೆ ದೇವಿ ಬಂದು ನಿಂತಿದ್ದಾಳೆಂದು ಪೂಜಾರಿ ಹೊಳಿಬಸಪ್ಪ ಹೇಳಿದ, ಅಲ್ಲವೆನ್ನುವ ಧೈರ್ಯ ಯಾರಿಗೂ ಇರಲಿಲ್ಲ, ಮನಸ್ಸಂತೂ ಇರಲೇ ಇಲ್ಲ. ಹೆಂಗಸರು ಆ ರಸವನ್ನು ಬೆರಳಿಗೆ ಮೆತ್ತಿಕೊಂಡು ಹಣೆಗಿಟ್ಟುಕೊಂಡರು. ಹೊನ್ನೆಯಲ್ಲಿ ಬಂದವಳೆಂದು ಹೊನ್ನವ್ವ ಎಂಬ ಹೆಸರಾಯಿತು. ದಸರೆಯ ಹೊತ್ತಿಗೆ ಮರ ಎಲೆಯೆಲ್ಲ ಉದುರಿಸಿ ಒಣಗಿ ನಿಂತಿತು. ಅದಕ್ಕೂ ಅರ್ಥ ಸಿಕ್ಕಿತು: ಅಮ್ಮನಿಗೆ ಮರದ ಮೈ ಸಾಕಾಗಿದೆ, ತನಗೊಂದು ರೂಪ ಕೊಡಿ ಎನ್ನುತ್ತಿದ್ದಾಳೆ. ಹುಳು ಬಿದ್ದ ಮರ ಹೀಗೇ ಅಳುತ್ತದೆ, ಹೀಗೇ ಒಣಗುತ್ತದೆ ಎಂದು ಅನ್ನಬಲ್ಲವನು ಊರಲ್ಲಿ ಒಬ್ಬನೇ ಇದ್ದ. ಅವನಿಗೂ ಆ ದಿನ ಅದು ಹೊಳೆಯಲಿಲ್ಲ.

ಅವನೇ ಮಾನಪ್ಪ. ಐದು ತಲೆಮಾರಿನಿಂದ ಕೆಂಚಿಕೊಪ್ಪಕ್ಕೆ ಬಂಡಿ, ನೇಗಿಲು, ಬಾಗಿಲು, ತೊಟ್ಟಿಲು ಮಾಡಿಕೊಟ್ಟ ಮನೆಯವನು. ಸುಗ್ಗಿಯಲ್ಲಿ ಪ್ರತಿ ಕಣದಿಂದ ಸಿಗುವ ಆಯದ ಕಾಳಿನ ಮೇಲೆ ಅವನ ಒಲೆ ಉರಿಯುತ್ತಿತ್ತು. ಕೈಯಲ್ಲಿ ದೇವರು ಮಾಡುವ ವಿದ್ಯೆಯಿದ್ದೂ ಐವತ್ತು ವರ್ಷ ನೇಗಿಲಿನ ಮೇಣಿ ಕೆತ್ತುತ್ತಲೇ ಕಳೆದಿದ್ದ ಅವನಿಗೆ, ಊರ ಗೌಡ ದ್ಯಾಮನಗೌಡ ಕರೆದು ಹೊನ್ನವ್ವನನ್ನು ಮಾಡಿಕೊಡು ಎಂದಾಗ ಹಸಿದವನಿಗೆ ಹುಗ್ಗಿ ಬಡಿಸಿದಂತಾಯಿತು. ಒಳ್ಳೆಯ ದಿನ ನೋಡಿ ಮರ ಇಳಿಸಿದರು. ಬೊಡ್ಡೆ ಕೆಂಚಿಕೊಪ್ಪದ್ದಾಯಿತು. ದೇವಿಯ ಮೈ ಒಂದೇ ಊರಿಗೆ ಹೇಗೆ ಸಲ್ಲುತ್ತದೆಂದು ಸುತ್ತಲಿನ ಮೂರು ಊರಿನವರು ಜಗಳ ತೆಗೆದಾಗ, ಗೌಡ ದೊಡ್ಡ ಮನಸ್ಸು ಮಾಡಿ ಅಗಸಿಹಾಳಕ್ಕೊಂದು, ಮುಳ್ಳಳ್ಳಿಗೊಂದು, ತೊಂಡೂರಿಗೊಂದು ದಪ್ಪ ಕೊಂಬೆ ಪ್ರಸಾದವಾಗಿ ಕೊಟ್ಟ. ಡೊಳ್ಳು ಬಾರಿಸುತ್ತ, ಹೂವು ತೂರುತ್ತ, ಮೂರೂ ಊರಿನವರು ಕೊಂಬೆಗಳನ್ನು ಹೊತ್ತು ತಮ್ಮ ತಮ್ಮ ಗುಡ್ಡದ ಬುಡಕ್ಕೆ ಒಯ್ದರು. ಆ ಗುಡ್ಡಗಳಲ್ಲೂ ಹೊನ್ನೆಯೇ ಇತ್ತು.

ಮಾನಪ್ಪ ನಾಲ್ಕು ತಿಂಗಳು ಹಗಲಿಡೀ ಕೆತ್ತಿದ. ಮೇಲಿನ ಬಿಳಿಭಾಗ ತೆಗೆದು ಕೆಚ್ಚಿಗೆ ಇಳಿದಾಗ ಕಿರುಬೆರಳು ಹೋಗುವಷ್ಟು ತೂತುಗಳು ಕಂಡವು, ಭುಜದಲ್ಲಿ ನಾಲ್ಕು, ಎದೆಯಲ್ಲಿ ಮೂರು, ಕಿವಿಯ ಹಿಂದೆ ಒಂದು. ಹಳೆಯ ತೂತುಗಳು, ಹುಳು ಎಂದೋ ಸತ್ತಿರಬೇಕು ಎಂದುಕೊಂಡ. ಹಾಗೆಂದುಕೊಳ್ಳುವುದು ಅವನಿಗೆ ಬೇಕಾಗಿತ್ತು. ಬೇರೆ ಮರವಾಗಿದ್ದರೆ ಅರೆಕ್ಷಣ ಯೋಚಿಸದೆ ಒಲೆಗೆ ಹಾಕುತ್ತಿದ್ದ ಮನುಷ್ಯ, ಇಲ್ಲಿ ಅರಗು ಕಾಯಿಸಿ, ಅದರಲ್ಲಿ ಕಟ್ಟಿಗೆಯ ಹುಡಿ ಕಲಸಿ, ಒಂದೊಂದೇ ತೂತನ್ನು ಗುರುತು ಸಿಗದಂತೆ ಮುಚ್ಚಿದ. ಯುಗಾದಿಗೆ, ಊರವರು ನೆತ್ತಿಯ ಬಂಡೆಯ ಮೇಲೆ ಕಟ್ಟಿದ ಗುಡಿಯಲ್ಲಿ ಹೊನ್ನವ್ವ ಗದ್ದುಗೆ ಏರಿದಳು. ಅವಳ ಮುಖ ನೋಡಿದವರು ಮಾತಾಡುವುದನ್ನು ಮರೆಯುತ್ತಿದ್ದರಂತೆ. ಬೈಯಲು ಬಾಯಿ ತೆರೆದ ತಾಯಿ ಮಗುವಿನ ಮುಖ ನೋಡಿ ಸುಮ್ಮನಾದಾಗ ಹೇಗಿರುತ್ತಾಳೋ ಹಾಗಿದ್ದಳು ಎನ್ನುತ್ತಾರೆ. ಕಣ್ಣು ಬರೆದು ಮುಗಿಸಿದ ದಿನ ಮಾನಪ್ಪ ಮನೆಗೆ ಬಂದು ಹೆಂಡತಿ ನೀಲವ್ವನಿಗೆ, ಇನ್ನು ನಾ ಸತ್ತರೂ ಚಿಂತೆಯಿಲ್ಲ ಎಂದಿದ್ದ. ಆಕೆ, ಮೊದಲು ಆ ಮುರಿದ ಮಣೆ ಸರಿಮಾಡು, ಆಮೇಲೆ ಸಾಯುವೆಯಂತೆ ಎಂದಳು.

ಪ್ರತಿಷ್ಠೆಯಾದ ಹದಿನೈದು ದಿನಕ್ಕೆ ಗದ್ದುಗೆಯ ಮೇಲೆ ನಸುಹಳದಿ ಹುಡಿ ಬೀಳತೊಡಗಿತು. ದಿನಾ ಬೆಳಿಗ್ಗೆ ಒಂದು ಚಿಟಿಕೆ, ಆಮೇಲೆ ಒಂದು ಹಿಡಿ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಗಾದೆ. ಹೊಳಿಬಸಪ್ಪ ಮಾತ್ರ ಗಾದೆಯನ್ನು ಸುಳ್ಳು ಮಾಡಿ, ಅಮ್ಮ ಮೈಯಿಂದ ಭಂಡಾರದ ಅರಿಸಿನ ಉದುರಿಸುತ್ತಿದ್ದಾಳೆಂದು ಎರಡೂ ಕೈಯಿಂದ ಹಂಚಿದ. ಬಾಣಂತಿಯರ ಹಣೆಗೆ, ಎತ್ತಿನ ಕೋಡಿಗೆ, ಬಿತ್ತನೆಯ ಬೀಜಕ್ಕೆ ಅದೇ ಹುಡಿ. ಮಾನಪ್ಪನೂ ಹಣೆಗೆ ಹಚ್ಚಿಕೊಂಡ.

ಬೇಸಿಗೆ ಬಲಿತ ಒಂದು ಮಧ್ಯಾಹ್ನ ಅಮ್ಮನ ಕಿರೀಟದ ಬೆಣೆ ಸಡಿಲಾಗಿದೆಯೆಂದು ಮಾನಪ್ಪ ಗುಡಿಗೆ ಹೋದ. ಪೂಜಾರಿ ಊಟಕ್ಕೆ ಇಳಿದಿದ್ದ. ಗಾಳಿಯಿರಲಿಲ್ಲ, ಹಕ್ಕಿಯ ಸದ್ದೂ ಇರಲಿಲ್ಲ. ಬೆಣೆ ಬಿಗಿಮಾಡಲು ಅವನು ಮೂರ್ತಿಯ ಭುಜಕ್ಕೆ ತಲೆಯಾನಿಸಿದಾಗ ಕಿವಿಯೊಳಗೆ ಕರಕರ ಎಂದಿತು. ತಲೆ ಎತ್ತಿದರೆ ಇಲ್ಲ, ಆನಿಸಿದರೆ ಇದೆ. ಭುಜದಿಂದ ಎದೆಗೆ, ಎದೆಯಿಂದ ಹೊಟ್ಟೆಗೆ ಕಿವಿ ಇಳಿಸಿದ. ಎಲ್ಲ ಕಡೆಯೂ ಹಲ್ಲು ಮಸೆದಂತೆ ಅದೇ ಸದ್ದು. ಕಿವಿಯ ಹಿಂದಿನ ಅರಗನ್ನು ಕೆದಕಿ ತಂತಿ ತೂರಿಸಿದ. ತಂತಿಯ ತುದಿಗೆ ಬೆಳ್ಳಗಿನ ಹಸಿ ಲೋಳೆ ಹತ್ತಿಕೊಂಡು ಬಂತು. ತಾನು ಅಮ್ಮನ ಮೈಯಲ್ಲಿ ಹುಳುವನ್ನು ಇಟ್ಟು ಬೀಗ ಹಾಕಿದ್ದೇನೆಂದು ಅವನಿಗೆ ಆಗ ತಿಳಿಯಿತು. ಅವನು ಅಲ್ಲೇ ಕೂತುಬಿಟ್ಟ. ಭಯವಾಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ಮನೆಗೆ ಬಂದವನೇ ಅಂಗಳದಲ್ಲಿ ಉಳಿದಿದ್ದ ಅದೇ ಮರದ ತುಂಡನ್ನು ಸೀಳಿದ. ಒಳಗೆ ಗೂಡು ಕೊರೆದುಕೊಂಡು, ರೆಕ್ಕೆ ಮಡಿಸಿ, ಮೈಗಿಂತ ಉದ್ದನೆಯ ಮೀಸೆಯನ್ನು ಬೆನ್ನಿಗೆ ಸುತ್ತಿಕೊಂಡು ಕಂದು ಬಣ್ಣದ ದುಂಬಿಗಳು ಮಲಗಿದ್ದವು. ಹುಳು ದುಂಬಿಯಾಗಿತ್ತು, ಹೊರಬೀಳುವುದಷ್ಟೇ ಬಾಕಿ. ಅವನಪ್ಪ ಹೇಳುತ್ತಿದ್ದ ಮಾತು ನೆನಪಾಯಿತು: ಕೊರೆಹುಳು ಒಳಗೆ ಕೂತು ಮಳೆಯ ವಾಸನೆ ಕಾಯುತ್ತದೆ, ಮಣ್ಣು ಹಸಿಯಾದ ದಿನ ಬಾಗಿಲು ತೆಗೆದುಕೊಂಡು ಹೊರಟು ಹಸಿರು ಮರ ಹುಡುಕುತ್ತದೆ. ಪರೀಕ್ಷೆ ಮಾಡಿಯೇಬಿಡೋಣವೆಂದು ಒಂದು ತುಂಡನ್ನು ಮಡಕೆಯಲ್ಲಿಟ್ಟು, ಒದ್ದೆ ಗೋಣಿ ಸುತ್ತಿ, ಬಾಯಿಗೆ ಬಟ್ಟೆ ಕಟ್ಟಿದ. ಮೂರನೆಯ ಬೆಳಿಗ್ಗೆ ಬಟ್ಟೆಯ ಒಳಮೈಗೆ ಎರಡು ದುಂಬಿಗಳು ಅಂಟಿಕೊಂಡಿದ್ದವು. ರೋಹಿಣಿ ಮಳೆಗೆ ಇನ್ನು ಒಂಬತ್ತು ದಿನವಿತ್ತು. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂದು ನಾಡೇ ಮುಗಿಲು ನೋಡುತ್ತಿರುವಾಗ, ಇನ್ನೊಂದಿಷ್ಟು ದಿನ ಮಳೆ ಬಾರದಿರಲಿ ಎಂದು ಬೇಡಿಕೊಂಡವನು ಮಾನಪ್ಪ ಒಬ್ಬನೇ. ಮಳೆ ಬಿದ್ದ ದಿನ ನೆತ್ತಿಯಿಂದ ಹೊರಟ ದುಂಬಿ ಇಡೀ ಗುಡ್ಡದ ಹೊನ್ನೆಯನ್ನು ಹೊಗುತ್ತದೆ. ಮೂರು ಊರುಗಳ ಕೊಂಬೆಯಿಂದ ಹೊರಟದ್ದು ಆ ಮೂರು ಗುಡ್ಡಗಳನ್ನು ಹೊಗುತ್ತದೆ. ಉಳಿಯುವುದು ಕಲ್ಲು ಮಾತ್ರ.

ಅವನು ಮಡಕೆಯನ್ನು ಕಂಕುಳಲ್ಲಿಟ್ಟುಕೊಂಡು ಗೌಡರ ಮನೆಗೆ ಹೋಗಿ ಇದ್ದದ್ದನ್ನು ಇದ್ದಹಾಗೆ ಹೇಳಿದ, ಅರಗು ಮುಚ್ಚಿದ್ದನ್ನೂ ಬಿಡಲಿಲ್ಲ. ಮೂರ್ತಿಯನ್ನೂ ಕೊಂಬೆಗಳನ್ನೂ ಮಳೆಗೆ ಮುಂಚೆ ಸುಡಬೇಕೆಂದ. ದ್ಯಾಮನಗೌಡನ ಮುಖ ಕೆಂಪಾಯಿತು.

"ದೇವ್ರ ಮೈಯಾಗ ಹುಳ ಬಿದ್ದೈತಿ ಅಂತೀಯಲ್ಲೋ ಮಾನಪ್ಪ, ನಿನ್ನ ನಾಲಿಗ್ಯಾಗ ಬೀಳಲಿಲ್ಲೇನು?"

"ನನ್ನ ನಾಲಿಗ್ಯಾಗ ಬಿದ್ರ ನಾ ಒಬ್ಬ ಹೋಗ್ತೇನ್ರಿ ಗೌಡ್ರ. ಇದು ಹಂಗಲ್ಲ. ಗುಡ್ಡಾನ ಹೋಗ್ತೈತಿ."

ಇನ್ನೊಮ್ಮೆ ಈ ಮಾತು ಆಡಿದರೆ ಯಾವ ಕಣದಲ್ಲೂ ನಿನಗೆ ಒಂದು ಕಾಳು ಸಿಗದ ಹಾಗೆ ಮಾಡುತ್ತೇನೆಂದು ಗೌಡ ಎದ್ದುಹೋದ. ಮನೆಯಲ್ಲಿ ನೀಲವ್ವ ಎಲ್ಲ ಕೇಳಿಸಿಕೊಂಡಳು. "ಮುಚ್ಚಿದಾಕಿ ನಾನಲ್ಲ, ಮುಚ್ಚಿದಾವ ನೀನು. ತೆಗಿಯಾಂವನೂ ನೀನ ಆಗ್ಬೇಕು. ಎತ್ತು ಕಟ್ತೀನಿ, ಹೋಗು," ಎಂದಳು.

ಮೊದಲು ಅಗಸಿಹಾಳ. ಅಲ್ಲಿ ಕೊಂಬೆಯನ್ನು ಕಟ್ಟೆಯ ಮೇಲೆ ನಿಲ್ಲಿಸಿ ಸೀರೆ ಉಡಿಸಿದ್ದರು. ಬೈಗುಳವನ್ನೂ ಎರಡು ಕಲ್ಲಿನೇಟನ್ನೂ ತಿಂದು, ಕಡೆಗೆ ಒಬ್ಬ ಮುದುಕಿಯ ಮಾತಿನ ಮೇಲೆ ಅವರೆದುರಿಗೇ ಕೊಂಬೆಯ ತುದಿ ಸೀಳಿ ತೋರಿಸಿದ. ಒಳಗಿನದನ್ನು ಕಂಡ ಜನ ಸೀರೆಯನ್ನೂ ಬಿಚ್ಚಿಕೊಳ್ಳದೆ ಕೊಂಬೆಯನ್ನು ಬಂಡಿಗೆ ಹಾಕಿದರು. ಮುಳ್ಳಳ್ಳಿಯಲ್ಲಿ ಭಕ್ತಿ ಅಷ್ಟು ದಿನ ನಿಂತಿರಲಿಲ್ಲ. ದೇವಿಯ ಕೊಂಬೆ ಊರ ಅಗಸೆಬಾಗಿಲಲ್ಲಿ ಹರಟೆ ಹೊಡೆಯುವವರ ಆಸನವಾಗಿತ್ತು. ಇಬ್ಬರು ಎದ್ದು ನಿಂತು, ಒಯ್ಯಪ್ಪ ಎಂದರು. ತೊಂಡೂರಿನಲ್ಲಿ ಮಾತ್ರ ನಾಲ್ಕು ದಿನ ಹಿಡಿಯಿತು. ಆ ಊರಿನ ಗೌಡ ಕೊಡುವುದಿಲ್ಲವೆಂದ, ಕೊಡುತ್ತೇನೆಂದ, ಮತ್ತೆ ಇಲ್ಲವೆಂದ. ಮಾನಪ್ಪ ಅವನ ಜಗಲಿಯ ಕೆಳಗೆ ಅನ್ನ ಬಿಟ್ಟು ಕೂತ. ಊರಮುಂದೆ ಬಡಿಗೇರ ಸತ್ತರೆ ಅಪವಾದವೆಂದು ಐದನೆಯ ಬೆಳಿಗ್ಗೆ ಕೊಂಬೆ ತಂದು ಬಂಡಿಗೆ ಉರುಳಿಸಿದರು. ತುದಿಯಲ್ಲಿ ಒಂದು ಗೇಣಿನಷ್ಟು ಹೊಸದಾಗಿ ಕೊಯ್ದ ಗುರುತಿತ್ತು. ಮಾನಪ್ಪ ಕೇಳಿದ. ಒಣಗಿದ್ದನ್ನು ಒಲೆಗೆ ಹಾಕಿದೆವು ಎಂದರು. ಬಡಿಗೇರನ ಕಣ್ಣಿಗೆ ಸುಳ್ಳು ತಿಳಿಯದಿರಲಿಲ್ಲ. ಆದರೆ ಪಡುವಣದಲ್ಲಿ ಮುಗಿಲು ಕಪ್ಪಾಗುತ್ತಿತ್ತು, ಮೂರು ಹರದಾರಿ ದಾರಿಯಿತ್ತು, ಮೈಯಲ್ಲಿ ಶಕ್ತಿಯಿರಲಿಲ್ಲ. ಅವನು ಎತ್ತು ಹೊಡೆದ.

ಬಂಡಿ ಗುಡ್ಡದ ಬುಡಕ್ಕೆ ಬಂದಾಗ ಇಳಿಹೊತ್ತು. ಸುದ್ದಿ ಮೊದಲೇ ಬಂದಿತ್ತು. ನೆತ್ತಿಯ ಬಂಡೆಯ ಮೇಲೆ ಊರೆಲ್ಲ ನಿಂತಿತ್ತು, ಗುಡಿಯ ಬಾಗಿಲಲ್ಲಿ ದ್ಯಾಮನಗೌಡ ದೊಣ್ಣೆ ಹಿಡಿದು ನಿಂತಿದ್ದ. ಮಾನಪ್ಪ ಬಂಡಿಯನ್ನು ನೆತ್ತಿಯವರೆಗೂ ಹೊಡೆದು, ಕೊಂಬೆಗಳನ್ನು ಬಂಡೆಯ ಮೇಲೆ ಉರುಳಿಸಿ ಒಟ್ಟಿ, ಗೌಡನ ಎದುರಿಗೆ ಬಂದು ನಿಂತ. ತಂಪುಗಾಳಿ ಬೀಸಿತು, ದೂರದಲ್ಲೆಲ್ಲೋ ಬಿದ್ದ ಮಳೆಯ ಮಣ್ಣಿನ ವಾಸನೆ ಅದರಲ್ಲಿತ್ತು. ಸಂತೋಷಪಡಬೇಕಾದ ಆ ವಾಸನೆ ಮೂಗಿಗೆ ತಾಗಿದ್ದೇ ಅವನು ಇನ್ನೊಂದು ಹೆಜ್ಜೆ ಮುಂದೆ ಬಂದ.

"ಗೌಡ್ರ, ಹೊಡೀರಿ, ಬ್ಯಾಡ ಅನ್ನಂಗಿಲ್ಲ. ಕೈ ಎತ್ತೂಕಿಂತ ಮೊದ್ಲು ಒಮ್ಮಿ ಅವ್ವನ ಎದಿಗೆ ಕಿವಿ ಹಚ್ಚರಿ. ಒಮ್ಮಿ ಸಾಕು."

ಎಲ್ಲರೂ ನೋಡುತ್ತಿದ್ದರು. ಒಲ್ಲೆನೆಂದರೆ ಅಂಜಿದ ಹಾಗಾಗುತ್ತದೆ. ಗೌಡ ರುಮಾಲು ತೆಗೆದು, ಗದ್ದುಗೆಗೆ ನಮಸ್ಕರಿಸಿ, ಹೊನ್ನವ್ವನ ಎದೆಗೆ ಕಿವಿಯಿಟ್ಟ. ಬಹಳ ಹೊತ್ತು ಅವನು ಅಲುಗಲಿಲ್ಲ. ಹೊರಗೆ ಮಕ್ಕಳನ್ನು ಸಹ ಬಾಯಿ ಮುಚ್ಚಿ ಹಿಡಿದಿದ್ದರು. ಅವನು ಮುಖ ಎತ್ತಿದಾಗ ಕೆನ್ನೆಗೆ ಹಳದಿ ಹುಡಿ ಹತ್ತಿತ್ತು, ದೊಣ್ಣೆ ಹಿಡಿದ ಕೈ ಜೋತುಬಿದ್ದಿತ್ತು.

"ಎಷ್ಟು ಅದಾವು?" ಎಂದು ಕೇಳಿದ.

"ಎಣಸಾಕ ಆಗಂಗಿಲ್ರಿ."

ಪೂಜಾರಿ ಹೊಳಿಬಸಪ್ಪ ಗೋಡೆಗೆ ಒರಗಿ ಕುಸಿದ. ಊರಿಗೆಲ್ಲ ನಾನೇ ಹಂಚಿದೆನಲ್ಲ, ನಾನೇ ಹಂಚಿದೆನಲ್ಲ ಎಂದು ಅಳತೊಡಗಿದ. ಯಾರೂ ಅವನನ್ನು ಬೈಯಲಿಲ್ಲ. ಎಲ್ಲರ ಹಣೆಯಲ್ಲೂ ಅದೇ ಹುಳುವಿನ ಹುಡಿ ಇತ್ತು. ಸುಡಬೇಕೆಂಬುದರಲ್ಲಿ ಈಗ ಎರಡು ಮಾತಿರಲಿಲ್ಲ, ಆದರೆ ಕಣ್ಣು ತೆರೆದು ಕೂತ ದೇವಿಯನ್ನು ಬೆಂಕಿಗೆ ಹಾಕುವವರು ಯಾರು? ಕಣ್ಣು ಕೊಟ್ಟ ಬಡಿಗೇರನಿಗೆ ಕಣ್ಣು ಹಿಂದಕ್ಕೆ ಪಡೆಯುವ ಅಧಿಕಾರವೂ ಉಂಟೆಂಬುದು ಆ ಕಸುಬಿನ ಹಳೆಯ ಕಟ್ಟಳೆ. ಮಾನಪ್ಪ ಉಳಿ ತೆಗೆದುಕೊಂಡ. ಎಡಗಣ್ಣನ್ನು ಒಂದೇ ಏಟಿಗೆ ಸವರಿದ. ಬಲಗಣ್ಣಿಗೆ ಉಳಿ ಇಟ್ಟಾಗ ಅವನ ಕೈ ನಿಂತಿತು. ಅಷ್ಟು ಚೆಂದದ ಮುಖವನ್ನು ಅವನು ಹಿಂದೆ ಮಾಡಿರಲಿಲ್ಲ, ಮುಂದೆ ಮಾಡಲಾರೆನೆಂಬುದೂ ಗೊತ್ತಿತ್ತು. ಅವ್ವಾ, ತಪ್ಪು ನಂದು, ಶಿಕ್ಷೆ ನಿನಗ ಆತು ಎಂದು ಎಲ್ಲರಿಗೂ ಕೇಳುವಂತೆ ಅತ್ತು, ಅಳುತ್ತಲೇ ಆ ಕಣ್ಣನ್ನೂ ಸವರಿದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ಕುಂಬಾರನೂ ಅವನೇ, ದೊಣ್ಣೆಯೂ ಅವನೇ.

ಮೂರ್ತಿಯನ್ನು ಹೊರಗೆ ತಂದು ಕೊಂಬೆಗಳ ಮೇಲೆ ಮಲಗಿಸಿದರು. ಹೊನ್ನೆಯ ಕೆಚ್ಚು ಬೇಗ ಬೆಂಕಿ ಹಿಡಿಯುವುದಿಲ್ಲ. ಕಿಡಿ ಹಚ್ಚುತ್ತಿರುವಾಗಲೇ ಮೊದಲ ಹನಿಗಳು ಬಂಡೆಯ ಮೇಲೆ ಪಟಪಟ ಬಿದ್ದವು. ಆಗಲೇ ಅಗಸಿಹಾಳದ ಕೊಂಬೆಯ ಸೀಳಿನಿಂದ ಒಂದು ದುಂಬಿ ಮೀಸೆ ಚಾಚಿ ಹೊರಗೆ ಬಂತು. ಅದರ ಹಿಂದೆ ಇನ್ನೊಂದು. ಅಮ್ಮನ ಭುಜದ ಅರಗು ತಾನಾಗಿ ಬಿರಿದು ಅಲ್ಲಿಂದ ಮೂರು. ಜನ ಚೀರಿ ಹಿಂದೆ ಸರಿದರು. ನೀಲವ್ವ ಮಾತ್ರ ಗುಡಿಯೊಳಗಿನ ಮೊರ ಎತ್ತಿಕೊಂಡು ಮುಂದೆ ನುಗ್ಗಿ ಅವನ್ನು ಮೊರದಲ್ಲಿ ಬಾಚಿ ಬೆಂಕಿಗೆ ಸುರಿದಳು. ಅದನ್ನು ಕಂಡು ಉಳಿದ ಹೆಂಗಸರು ಕೈಗೆ ಸಿಕ್ಕ ಮೊರ, ಪೊರಕೆ, ಸೆರಗು ಹಿಡಿದು ಸುತ್ತಲೂ ನಿಂತರು. ಗಂಡಸರು ಗೋಣಿತಟ್ಟುಗಳನ್ನು ನಾಲ್ಕು ಮೂಲೆ ಹಿಡಿದು ಬೆಂಕಿಯ ಮೇಲೆ ಚಪ್ಪರದಂತೆ ಎತ್ತಿ ನಿಂತರು. ಹೊಗೆಗೆ ಕಣ್ಣು ಉರಿದರೂ ಕೈ ಇಳಿಸಲಿಲ್ಲ. ಗೌಡ ದೀಪದ ಎಣ್ಣೆಯ ಗಡಿಗೆಯನ್ನು ತಾನೇ ಹೊತ್ತು ತಂದು ಹೊನ್ನವ್ವನ ಮೇಲೆ ಸುರಿದ. ಆಗ ಬೆಂಕಿ ಎದ್ದಿತು. ಆಮೇಲೆ ಬಂದ ರೋಹಿಣಿ ಮಳೆಗೆ ಆರಿದ್ದು ಬೂದಿ ಮಾತ್ರ.

ಗುಡ್ಡವೇನೂ ಪೂರ್ತಿ ಪಾರಾಗಲಿಲ್ಲ. ಒಂದೆರಡು ದುಂಬಿ ತಪ್ಪಿಸಿಕೊಂಡಿರಬೇಕು. ಮುಂದಿನ ನಾಲ್ಕು ವರ್ಷ ಮಾನಪ್ಪ ಬೇಸಿಗೆಯಿಡೀ ಒಂದೊಂದು ಹೊನ್ನೆಗೂ ಕಿವಿಹಚ್ಚಿ ತಿರುಗಿ, ಸದ್ದು ಕೇಳಿದ ಹನ್ನೊಂದು ಮರಗಳನ್ನು ಕಡಿಸಿ ಅಲ್ಲಲ್ಲೇ ಸುಡಿಸಿದ. ಆಮೇಲೆ ಸದ್ದು ನಿಂತಿತು. ತೊಂಡೂರಿನವರು ಕೊಯ್ದಿಟ್ಟುಕೊಂಡ ಆ ಒಂದು ಗೇಣು, ಅವರ ಗೌಡನ ದೇವರ ಜಗಲಿಯ ಮೇಲೆ ಹೂವು ಏರಿಸಿಕೊಂಡು ಕೂತಿತ್ತೆಂದು ತಿಳಿಯುವ ಹೊತ್ತಿಗೆ ಅವರ ಗುಡ್ಡದ ಮರಗಳೆಲ್ಲ ಕೆಂಪಗೆ ಒಸರುತ್ತಿದ್ದವು. ಕೆಂಚಿಕೊಪ್ಪದ ಗೌಡ ಮಾನಪ್ಪನನ್ನು ಕರೆದು, ಗದ್ದುಗೆ ಬರಿದಾಗಿದೆ, ಇನ್ನೊಂದು ಹೊನ್ನೆ ಆರಿಸಿ ಅಮ್ಮನನ್ನು ಮಾಡು ಎಂದ. ಮಾನಪ್ಪ ಹೂಂ ಎಂದು ಪ್ರತಿವರ್ಷ ಯುಗಾದಿ ಕಳೆದ ಮೇಲೆ ಉಳಿ, ಬಾಚಿಗಳನ್ನು ಹಿಡಿದು ಗುಡ್ಡ ಹತ್ತುತ್ತಿದ್ದ, ಸಂಜೆ ಬರಿಗೈಯಲ್ಲಿ ಇಳಿಯುತ್ತಿದ್ದ. ಹಣ್ಣುಮುದುಕನಾದ ಮೇಲೂ ಹೀಗೇ ನಡೆದಾಗ ಗೌಡ, ಒಂದು ಮರವೂ ಒಪ್ಪಿಗೆಯಾಗಲಿಲ್ಲವೇ ಎಂದು ಕೇಳಿದನಂತೆ.

"ಸದ್ದು ಮಾಡೋ ಮರ ದೇವ್ರಾಗಂಗಿಲ್ರಿ ಗೌಡ್ರ," ಎಂದ ಮಾನಪ್ಪ. "ಸುಮ್ಮನ ನಿಂತ ಮರಕ್ಕ ಉಳಿ ಹಚ್ಚಾಕ ನನಗ ಕೈ ಬರವಲ್ದು."

ಗೌಡ ಮತ್ತೆ ಕೇಳಲಿಲ್ಲ. ಮಾನಪ್ಪನ ನಂತರ ಬಂದ ಬಡಿಗೇರರೂ ಆ ಮಾತು ದಾಟಲಿಲ್ಲ. ಅಲ್ಲಿಂದ ಗುಡ್ಡಕ್ಕೆ ಈ ಹೆಸರು ನಿಂತಿತು ಎನ್ನುತ್ತಾರೆ.

ಈಗಲೂ ಬರಿಗದ್ದುಗೆ ಗುಡ್ಡಕ್ಕೆ ಒಣಗಟ್ಟಿಗೆ ತರುವಂತಿಲ್ಲ. ಹರಕೆ ತೀರಿಸಲು ಬಂದವರು ಊರುಗೋಲನ್ನು ಸಹ ಬುಡದ ಕಲ್ಲಿಗೆ ಒರಗಿಸಿ, ಮಕ್ಕಳ ಹೆಗಲು ಹಿಡಿದು ಹತ್ತುತ್ತಾರೆ. ಪ್ರಸಾದವೆಂದು ಪೂಜಾರಿ ಕೊಡುವುದು ಬರೀ ನೀರು. ಗುಡಿಯ ಮೆಟ್ಟಿಲ ಮೇಲೆ ನಿಂತರೆ ಎದುರಿಗೆ ತೊಂಡೂರಿನ ಗುಡ್ಡ ಕಾಣುತ್ತದೆ, ಅದರ ಮೇಲೆ ಹುಲ್ಲು ಬಿಟ್ಟರೆ ಏನೂ ಇಲ್ಲ. ಬಂದವರು ಗದ್ದುಗೆಗೆ ಕುಂಕುಮ ಹಾಕಿ ಹೊರಗೆ ಬಂದು, ಇಳಿಯುವ ಮುಂಚೆ ದಾರಿಯ ಯಾವುದಾದರೊಂದು ಹೊನ್ನೆಗೆ ಕಿವಿಯಾನಿಸಿ ಉಸಿರು ಹಿಡಿದು ನಿಲ್ಲುತ್ತಾರೆ. ಏನೂ ಕೇಳಿಸದಿದ್ದರೆ ಕೈಮುಗಿದು ಇಳಿಯುತ್ತಾರೆ.